ಒಂದು ಗೆರೆ, ಮೂರು ಪರೀಕ್ಷೆ: ಎಚ್‌ಐವಿ ತಪಾಸಣೆ ನಂಬಿಕೆ ಗಳಿಸಿದ ಚರಿತ್ರೆ

ಉಡುಪಿ ಜಿಲ್ಲೆಯ ಉತ್ತರ ಭಾಗದ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ದೂರದ ಊರಿನ ನಂಟಿಲ್ಲದ ಮನೆ ಸಿಗುವುದು ಕಷ್ಟ. ಹಿರಿಯ ಮಗ ಬೆಂಗಳೂರಿನ ಹೋಟೆಲಿನಲ್ಲಿದ್ದರೆ ಕಿರಿಯವನು ಮುಂಬಯಿಯಲ್ಲಿರುತ್ತಾನೆ. ಪಕ್ಕದ ಮನೆಯಾತ ಗಂಗೊಳ್ಳಿ ಬಂದರಿನಿಂದ ದೋಣಿ ಹತ್ತಿದರೆ ಹಲವು ದಿನ ಕಡಲಿನಲ್ಲೇ ಇರುತ್ತಾನೆ. ಅವನ ತಂಗಿ ನರ್ಸ್ ಕೆಲಸಕ್ಕಾಗಿ ಕೊಲ್ಲಿ ದೇಶಕ್ಕೆ ಹೊರಡುವ ಸಿದ್ಧತೆಯಲ್ಲಿರುತ್ತಾಳೆ. ಇವರೆಲ್ಲರೂ ಒಂದಲ್ಲ ಒಂದು ದಿನ ಎಲ್ಲಾದರೂ ರಕ್ತಪರೀಕ್ಷೆಗೆ ಕೈ ಚಾಚುವವರೇ. ಶಸ್ತ್ರಚಿಕಿತ್ಸೆಗೆ ಮೊದಲು, ವಿದೇಶದ ಕೆಲಸಕ್ಕಾಗಿ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ, ಬಸುರಿಯಾದಾಗ, ರಕ್ತದಾನ ಮಾಡುವಾಗ ಎಚ್‌ಐವಿ ಪರೀಕ್ಷೆ ಎದುರಾಗುತ್ತದೆ. ಹದಿನೈದಿಪ್ಪತ್ತು ನಿಮಿಷಗಳಲ್ಲಿ ಬೆರಳುದ್ದದ ಒಂದು ಪಟ್ಟಿಯ ಮೇಲೆ ಬಣ್ಣದ ಗೆರೆ ಮೂಡುತ್ತದೆ, ಇಲ್ಲವೆ ಮೂಡುವುದಿಲ್ಲ. ಮೂಡಿದರೆ ಮದುವೆಯ ಮಾತು ಮುರಿಯಬಹುದು, ಕೈಗೆ ಬಂದ ಕೆಲಸ ತಪ್ಪಬಹುದು, ಮನೆಯವರ ನಡುವೆ ಮಾತು ನಿಲ್ಲಬಹುದು.

ಆ ಒಂದು ಗೆರೆಯನ್ನು ಎಷ್ಟರಮಟ್ಟಿಗೆ ನಂಬಬೇಕು? ಆರೋಗ್ಯದ ಮಾತುಕತೆ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪರೀಕ್ಷೆ ನಂಬಲರ್ಹವೆಂದು ಒಂದೇ ಮಾತಿನಲ್ಲಿ ಹೇಳಿದರೆ ಅರ್ಧ ಸತ್ಯವಾದೀತು. ನಂಬಲಾಗದು ಎಂದರೆ ಪೂರ್ಣ ತಪ್ಪಾದೀತು. ಈ ಪರೀಕ್ಷೆ ನಂಬಿಕೆ ಗಳಿಸಿದ್ದು ಒಂದು ಕ್ರಮದಿಂದ. ಆ ಕ್ರಮ ಏಕೆ ಬೇಕಾಯಿತು, ಹೇಗೆ ರೂಪುಗೊಂಡಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯದೊಂದು ಪಾಠ

1906ರಲ್ಲಿ ಬರ್ಲಿನ್ ನಗರದಲ್ಲಿ ಆಗಸ್ಟ್ ವಾಸರ್‌ಮನ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಸಿಫಿಲಿಸ್ ರೋಗಕ್ಕೆ ಒಂದು ರಕ್ತಪರೀಕ್ಷೆಯನ್ನು ಕಂಡುಹಿಡಿದರು. ಜಗತ್ತೆಲ್ಲ ಅದನ್ನು ಬರಮಾಡಿಕೊಂಡಿತು. ಆ ಪರೀಕ್ಷೆ ಗುರುತಿಸುತ್ತಿದ್ದುದು ರೋಗಾಣುವನ್ನಲ್ಲ, ದೇಹದಲ್ಲಿ ಬೇರೆ ಕಾರಣಗಳಿಂದಲೂ ಹುಟ್ಟಬಹುದಾದ ಒಂದು ಬಗೆಯ ಪ್ರತಿಕಾಯವನ್ನು ಎಂಬುದು ಕ್ರಮೇಣ ತಿಳಿಯಿತು. ಮಲೇರಿಯ ಬಂದವರಲ್ಲಿ, ಕುಷ್ಠರೋಗಿಗಳಲ್ಲಿ ಸಿಫಿಲಿಸ್ ಇಲ್ಲದಿದ್ದರೂ ‘ಇದೆ’ ಎಂದು ಅದು ಹೇಳುತ್ತಿತ್ತು. 1949ರಲ್ಲಿ ರೋಗಾಣುವನ್ನೇ ನೇರವಾಗಿ ಬಳಸುವ ಪರೀಕ್ಷೆ ಬಂದ ಮೇಲೆ, ಹಿಂದೆ ರೋಗಿಗಳೆನಿಸಿಕೊಂಡಿದ್ದ ಅನೇಕರಿಗೆ ಆ ರೋಗವೇ ಇರಲಿಲ್ಲವೆಂದು ಬೆಳಕಿಗೆ ಬಂತು. ಅಷ್ಟರಲ್ಲಿ ನಾಲ್ಕು ದಶಕಗಳು ಕಳೆದಿದ್ದವು. ಒಂದು ಪರೀಕ್ಷೆ ‘ಇದೆ’ ಎಂದಾಗ ಬೇರೆ ಬಗೆಯ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂಬ ಪಾಠವನ್ನು ವೈದ್ಯ ವಿಜ್ಞಾನ ಹೀಗೆ ಕಲಿಯಿತು.

1985: ರಕ್ತದ ಬಾಟಲಿಗಾಗಿ ಬಂದ ಪರೀಕ್ಷೆ

1981ರ ಜೂನ್ 5ರಂದು ಅಮೆರಿಕದ ಆರೋಗ್ಯ ವಾರಪತ್ರಿಕೆಯೊಂದು ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಕಂಡ ವಿಚಿತ್ರ ನ್ಯುಮೋನಿಯದ ಬಗ್ಗೆ ವರದಿ ಮಾಡಿತು. ಏಡ್ಸ್ ಕುರಿತ ಮೊದಲ ವರದಿ ಅದು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ ಸಿನೂಸಿ ಮತ್ತು ಲುಕ್ ಮೊಂತಾನಿಯೆ ಅವರ ತಂಡ ಇದಕ್ಕೆ ಕಾರಣವಾದ ವೈರಾಣುವನ್ನು ಬೇರ್ಪಡಿಸಿತು. ಅವರಿಬ್ಬರಿಗೂ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1985ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಮೊದಲ ಎಚ್‌ಐವಿ ಪರೀಕ್ಷೆಗೆ ಪರವಾನಗಿ ನೀಡಿತು. ಅದು ಎಲೈಸಾ ವಿಧಾನದ್ದು. ವೈರಾಣುವಿನ ಪ್ರೋಟೀನುಗಳನ್ನು ಸಣ್ಣ ಗುಳಿಗಳಲ್ಲಿ ಅಂಟಿಸಿ, ಅದರ ಮೇಲೆ ರಕ್ತದ ತಿಳಿಯನ್ನು ಹಾಕಿದರೆ, ಅದರಲ್ಲಿ ಆ ವೈರಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳಿದ್ದರೆ ಅಂಟಿಕೊಳ್ಳುತ್ತವೆ; ಕೊನೆಯಲ್ಲಿ ಬಣ್ಣ ಬದಲಾಗುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಪರೀಕ್ಷೆ ಬಂದದ್ದು ಮುಖ್ಯವಾಗಿ ರಕ್ತನಿಧಿಗಳ ರಕ್ತವನ್ನು ಸುರಕ್ಷಿತವಾಗಿಡಲು. ಅಲ್ಲಿ ಪರೀಕ್ಷೆ ತಪ್ಪಾಗಿ ‘ಇದೆ’ ಎಂದರೆ ಒಂದು ಬಾಟಲಿ ರಕ್ತ ಚೆಲ್ಲಿಹೋಗುತ್ತದೆ, ಅಷ್ಟೆ. ತಪ್ಪಾಗಿ ‘ಇಲ್ಲ’ ಎಂದರೆ ಮಾತ್ರ ಒಂದು ಜೀವಕ್ಕೆ ಅಪಾಯ. ಹಾಗಾಗಿ ಅನುಮಾನ ಬಂದದ್ದನ್ನೆಲ್ಲ ಹಿಡಿಯುವಂತೆ ಅದನ್ನು ರೂಪಿಸಲಾಗಿತ್ತು. ಆಗ ವೈರಾಣುವನ್ನು ಮನುಷ್ಯರ ಬಿಳಿ ರಕ್ತಕಣಗಳಲ್ಲಿ ಬೆಳೆಸಿ ಪ್ರೋಟೀನು ತೆಗೆಯುತ್ತಿದ್ದರು. ಆ ಕಣಗಳ ತುಣುಕುಗಳೂ ಪರೀಕ್ಷೆಯಲ್ಲಿ ಉಳಿಯುತ್ತಿದ್ದುದರಿಂದ, ಹಲವು ಬಾರಿ ಹೆತ್ತ ತಾಯಂದಿರು, ಹಿಂದೆ ರಕ್ತ ಪಡೆದಿದ್ದವರು ಇಂಥವರಲ್ಲಿ ಕೆಲವರಿಗೆ ಸೋಂಕಿಲ್ಲದೆಯೇ ‘ಇದೆ’ ಎಂಬ ಫಲಿತಾಂಶ ಬರುತ್ತಿತ್ತು. ಮನುಷ್ಯನಿಗೆ ಫಲಿತಾಂಶ ಹೇಳುವ ಮೊದಲು ವೆಸ್ಟರ್ನ್ ಬ್ಲಾಟ್ ಎಂಬ ಇನ್ನೊಂದು ಪರೀಕ್ಷೆ ಮಾಡಬೇಕೆಂಬ ಪದ್ಧತಿ ಹೀಗೆ ಬೆಳೆಯಿತು.

ಚೆನ್ನೈ, 1986

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ ಕಥೆಯೂ ಈ ಪದ್ಧತಿಯನ್ನೇ ತೋರಿಸುತ್ತದೆ. ಮದ್ರಾಸ್ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಜ್ಞಾನದ ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ಅವರು ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಈ ಕುರಿತು ಅಧ್ಯಯನ ಮಾಡಲು ಸೂಚಿಸಿದರು. ನಮ್ಮ ದೇಶಕ್ಕೆ ಆ ರೋಗ ಬರಲಾರದೆಂದು ಬಹುಮಂದಿ ನಂಬಿದ್ದ ಕಾಲ ಅದು. ನಿರ್ಮಲಾ ಅವರು ಸರ್ಕಾರಿ ರಕ್ಷಣಾ ಗೃಹದಲ್ಲಿದ್ದ ಮಹಿಳೆಯರಿಂದ ರಕ್ತದ ಮಾದರಿ ಸಂಗ್ರಹಿಸಿದರು. ಚೆನ್ನೈಯಲ್ಲಿ ಎಲೈಸಾ ಸೌಲಭ್ಯ ಇರಲಿಲ್ಲವಾದ್ದರಿಂದ ಮಾದರಿಗಳನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. 1986ರ ಆರಂಭದ ತಿಂಗಳುಗಳಲ್ಲಿ ಆರು ಮಾದರಿಗಳು ಅಲ್ಲಿ ಹಳದಿ ಬಣ್ಣಕ್ಕೆ ತಿರುಗಿದವು.

ಆ ತಂಡ ಅವಸರಪಟ್ಟು ಘೋಷಿಸಲಿಲ್ಲ. ಆ ಆರೂ ಮಹಿಳೆಯರಿಂದ ಮತ್ತೊಮ್ಮೆ ರಕ್ತ ಪಡೆದರು. ಮಾದರಿಗಳನ್ನು ಅಮೆರಿಕಕ್ಕೆ ಕಳುಹಿಸಿ ವೆಸ್ಟರ್ನ್ ಬ್ಲಾಟ್ ಮಾಡಿಸಿದರು. ಅಲ್ಲಿಯೂ ಅದೇ ಉತ್ತರ ಬಂದ ಮೇಲಷ್ಟೇ ಸರ್ಕಾರ ವಿಷಯವನ್ನು ಬಹಿರಂಗಪಡಿಸಿತು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ಉತ್ತರ ಒಂದೇ ಆಗಿದೆಯೇ ಎಂದು ನೋಡಿದ್ದೇ ಆ ಫಲಿತಾಂಶಕ್ಕೆ ಬಲ ಕೊಟ್ಟಿತು. ಆದರೆ ಈ ಘಟನೆಗೆ ಇನ್ನೊಂದು ಮುಖವಿದೆ. ಏಡ್ಸ್ ಪರೀಕ್ಷೆಗಾಗಿ ರಕ್ತ ತೆಗೆಯಲಾಗುತ್ತಿದೆ ಎಂಬುದು ಆ ಮಹಿಳೆಯರಿಗೆ ಗೊತ್ತಿರಲಿಲ್ಲ. ಆ ಕೊರತೆಯ ಮಾತಿಗೆ ಮುಂದೆ ಬರೋಣ.

ಎಲೈಸಾ ಯಂತ್ರದಿಂದ ಬೆರಳ ತುದಿಗೆ

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆಗ ಒಂದು ಪ್ರಾಯೋಗಿಕ ತೊಡಕು ಎದುರಾಯಿತು. ಎಲೈಸಾಕ್ಕೆ ಯಂತ್ರ, ವಿದ್ಯುತ್, ತರಬೇತಿ ಪಡೆದ ತಂತ್ರಜ್ಞ ಎಲ್ಲವೂ ಬೇಕು. ಹತ್ತಾರು ಮಾದರಿಗಳು ಸೇರುವವರೆಗೆ ಕಾಯುವುದೂ ಉಂಟು. ತಾಲೂಕು ಕೇಂದ್ರದಲ್ಲಿ ರಕ್ತ ಕೊಟ್ಟವರು ಫಲಿತಾಂಶಕ್ಕಾಗಿ ದಿನಗಟ್ಟಲೆ ಕಾಯಬೇಕು. ಬಸ್ಸು ಹಿಡಿದು ಮತ್ತೆ ಬರುವವರೆಷ್ಟು ಜನ? ಕಡಲಿಗೆ ಅಥವಾ ಮುಂಬಯಿಗೆ ಹೊರಟವರು ತಿರುಗಿ ಬರುವುದಂತೂ ದೂರದ ಮಾತು. ಈ ತೊಡಕಿಗೆ ಉತ್ತರವಾಗಿ ಬಂದದ್ದು ಕ್ಷಿಪ್ರ ಪರೀಕ್ಷೆ, ಅಂದರೆ ರ‍್ಯಾಪಿಡ್ ಟೆಸ್ಟ್.

ಭಾರತದಲ್ಲಿಯೇ ಇಂಥ ಹಲವು ಪರೀಕ್ಷೆಗಳು ತಯಾರಾದವು. ಟ್ರೈಡಾಟ್ ಎಂಬುದರಲ್ಲಿ ಚುಕ್ಕೆಗಳು ಮೂಡುತ್ತವೆ. ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣದಲ್ಲಿ ವಿಜಯ್ ಚೌಧರಿ ಅವರ ತಂಡ ರೂಪಿಸಿದ ‘ನೇವಾ’ ಪರೀಕ್ಷೆಯಲ್ಲಿ ಒಂದು ಹನಿ ರಕ್ತಕ್ಕೆ ದ್ರಾವಣ ಬೆರೆಸಿದರೆ ರಕ್ತ ಹರಳುಗಟ್ಟಿದಂತೆ ಗುಂಪುಗೂಡುವುದು ಬರಿಗಣ್ಣಿಗೇ ಕಾಣುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ರಕ್ತದ ಗುಂಪು ಪತ್ತೆ ಮಾಡಿದ ವಿದ್ಯಾರ್ಥಿಗಳಿಗೆ ಈ ದೃಶ್ಯ ಪರಿಚಿತವೇ.

ಈಗ ಎಲ್ಲರೂ ಬಲ್ಲ ಪಟ್ಟಿಯ ಪರೀಕ್ಷೆಯನ್ನು ನೋಡೋಣ. ಕೋವಿಡ್ ಕಾಲದಲ್ಲಿ ಇಂಥ ಪಟ್ಟಿಗಳನ್ನು ನೀವು ಕಂಡಿರುತ್ತೀರಿ. ಪಟ್ಟಿಯ ಒಂದು ತುದಿಯಲ್ಲಿ ರಕ್ತದ ಹನಿಯನ್ನೂ ಸ್ವಲ್ಪ ದ್ರಾವಣವನ್ನೂ ಹಾಕುತ್ತಾರೆ. ಒತ್ತುಕಾಗದದಲ್ಲಿ ಶಾಯಿ ಹರಿಯುವಂತೆ ಅದು ಮುಂದೆ ಸಾಗುತ್ತದೆ. ದಾರಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಸೇರಿಕೊಳ್ಳುತ್ತವೆ. ಮುಂದೆ ವೈರಾಣುವಿನ ಪ್ರೋಟೀನನ್ನು ಗೆರೆಯಾಗಿ ಬಳಿದಿರುವ ಜಾಗದಲ್ಲಿ, ರಕ್ತದಲ್ಲಿ ಪ್ರತಿಕಾಯಗಳಿದ್ದರೆ ಅವು ಕಣಗಳ ಸಮೇತ ಅಂಟಿ ನಿಲ್ಲುತ್ತವೆ; ಗೆರೆ ಕಾಣಿಸುತ್ತದೆ. ಅದರಾಚೆಗಿನದು ನಿಯಂತ್ರಣ ಗೆರೆ. ಅದು ಮೂಡದಿದ್ದರೆ ಪರೀಕ್ಷೆ ನಡೆದೇ ಇಲ್ಲವೆಂದು ತಿಳಿದು ಹೊಸ ಪಟ್ಟಿ ತೆಗೆಯಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಎಚ್ಚರ ಬೇಕು. ಪಟ್ಟಿಯ ವೈರಿ ತೇವ. ಅದಕ್ಕೆಂದೇ ಪ್ರತಿ ಪಟ್ಟಿಯನ್ನೂ ತೇವ ಹೀರುವ ಪೊಟ್ಟಣದ ಜೊತೆ ಲೋಹದ ಹಾಳೆಯ ಚೀಲದಲ್ಲಿ ಮುಚ್ಚಿಟ್ಟಿರುತ್ತಾರೆ. ಆಷಾಢದ ಮಳೆಯ ದಿನ ಚೀಲವನ್ನು ಮುಂಚಿತವಾಗಿ ತೆರೆದಿಟ್ಟರೆ, ಗೊತ್ತುಪಡಿಸಿದ ವೇಳೆ ಮೀರಿದ ಮೇಲೆ ಗೆರೆ ಓದಿದರೆ, ಹೆಸರು ಬರೆಯುವಾಗ ಒಬ್ಬರ ಮಾದರಿ ಇನ್ನೊಬ್ಬರದಾದರೆ, ಎಂಥ ಒಳ್ಳೆಯ ಪಟ್ಟಿಯೂ ತಪ್ಪು ಹೇಳೀತು.

ಒಂದು ಸರಳ ಲೆಕ್ಕ

ಈಗ ವಿಷಯದ ತಿರುಳಿಗೆ ಬರೋಣ. ಪರೀಕ್ಷೆಯ ಗುಣವನ್ನು ಎರಡು ಅಳತೆಗಳಿಂದ ಹೇಳುತ್ತಾರೆ. ಸೋಂಕಿದ್ದವರನ್ನು ಬಿಡದೆ ಹಿಡಿಯುವ ಶಕ್ತಿ ಒಂದು. ಸೋಂಕಿಲ್ಲದವರನ್ನು ‘ಇಲ್ಲ’ ಎಂದು ಸರಿಯಾಗಿ ಬಿಟ್ಟುಬಿಡುವ ಶಕ್ತಿ ಇನ್ನೊಂದು. ಕ್ಷಿಪ್ರ ಪರೀಕ್ಷೆಗಳಲ್ಲಿ ಮೊದಲನೆಯದು ಕನಿಷ್ಠ ಶೇಕಡ 99, ಎರಡನೆಯದು ಕನಿಷ್ಠ ಶೇಕಡ 98 ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಕಾಗದ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ.

10,000 ಮಂದಿಯ ರಕ್ತ ಪರೀಕ್ಷಿಸಿದೆವೆಂದು ಭಾವಿಸೋಣ. ಇವರಲ್ಲಿ ನಿಜವಾಗಿ ಸೋಂಕಿರುವವರು 20 ಮಂದಿ. ಭಾರತದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇಕಡ 0.2 ಎಂಬ ಅಂದಾಜಿಗೆ ಇದು ಹೊಂದುತ್ತದೆ. ಕರ್ನಾಟಕದಲ್ಲಿ ಅದು ಸುಮಾರು ಎರಡು ಪಟ್ಟು. ನಮ್ಮ ಪರೀಕ್ಷೆ ಆ 20 ಮಂದಿಯನ್ನೂ ಹಿಡಿಯಿತೆನ್ನೋಣ. ಉಳಿದ 9,980 ಮಂದಿಯಲ್ಲಿ ಅದು ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿದರೂ ಸುಮಾರು 100 ಮಂದಿಯಾದರು. ಒಟ್ಟು 120 ಮಂದಿಗೆ ಗೆರೆ ಮೂಡಿತು. ಅವರಲ್ಲಿ ನಿಜವಾಗಿ ಸೋಂಕಿರುವವರು ಆರರಲ್ಲಿ ಒಬ್ಬರು! ಇಲ್ಲಿ ಪಟ್ಟಿ ಕೆಟ್ಟದ್ದಲ್ಲ. ಸೋಂಕಿಲ್ಲದವರ ಸಂಖ್ಯೆ ಅಷ್ಟು ದೊಡ್ಡದಾದ್ದರಿಂದ ಸಣ್ಣ ತಪ್ಪೂ ಬೆಳೆದು ನಿಲ್ಲುತ್ತದೆ. ಅದೇ ಪಟ್ಟಿಯನ್ನು 10,000ದಲ್ಲಿ 2,000 ಮಂದಿಗೆ ಸೋಂಕಿರುವ ಗುಂಪಿನಲ್ಲಿ ಬಳಸಿದರೆ ತಪ್ಪು ಗೆರೆಗಳು ಸುಮಾರು 80. ಗೆರೆ ಮೂಡಿದವರಲ್ಲಿ ಬಹುತೇಕ ಎಲ್ಲರೂ ನಿಜವಾಗಿ ಸೋಂಕಿರುವವರೇ.

ಇದಕ್ಕೆ ಪರಿಹಾರವೂ ಲೆಕ್ಕದಲ್ಲೇ ಇದೆ. ಗೆರೆ ಮೂಡಿದ ಆ 120 ಮಂದಿಗೆ ಬೇರೆ ಬಗೆಯ ಎರಡನೆಯ ಪರೀಕ್ಷೆ ಮಾಡಿದರೆ ತಪ್ಪಾಗಿ ಸಿಕ್ಕಿದ 100 ಮಂದಿಯಲ್ಲಿ ಒಬ್ಬರು ಮಾತ್ರ ಉಳಿಯುತ್ತಾರೆ. ಮೂರನೆಯದರಲ್ಲಿ ಆ ಒಬ್ಬರೂ ಬಹುತೇಕ ಖಂಡಿತ ಹೊರಬರುತ್ತಾರೆ. ಬಂದರಿನಲ್ಲಿ ನಡೆಯುವುದೂ ಇದೇ ತಾನೇ? ಸಣ್ಣ ಕಣ್ಣಿನ ಬಲೆ ಬಂಗುಡೆಯ ಜೊತೆ ಸಿಕ್ಕಿದ್ದನ್ನೆಲ್ಲ ಎಳೆದು ತರುತ್ತದೆ. ದಡದಲ್ಲಿ ಕುಳಿತ ಹೆಂಗಸರು ಕೈಯಿಂದ ಆರಿಸಿ ಬೇರ್ಪಡಿಸುತ್ತಾರೆ. ಬಲೆಯಲ್ಲಿ ಬಂದದ್ದೆಲ್ಲ ಬಂಗುಡೆಯೆಂದು ಯಾರೂ ಲೆಕ್ಕ ಬರೆಯುವುದಿಲ್ಲ. ಆದರೆ ಒಂದು ಷರತ್ತಿದೆ. ಮೂರು ಪರೀಕ್ಷೆಗಳೂ ಬೇರೆ ಬೇರೆ ಪ್ರತಿಜನಕ ಅಥವಾ ಬೇರೆ ಬೇರೆ ತತ್ತ್ವದ ಮೇಲೆ ನಿಂತಿರಬೇಕು. ಒಂದೇ ಪಟ್ಟಿಯನ್ನು ಮೂರು ಬಾರಿ ಬಳಸಿದರೆ ಅದೇ ತಪ್ಪು ಮೂರು ಬಾರಿ ಬಂದೀತು.

ಲೆಕ್ಕ ಮರೆತವರ ಅನುಭವ

1988ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ಮದುವೆಯ ಪರವಾನಗಿಗೆ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಮೊದಲ ಆರು ತಿಂಗಳಲ್ಲಿ 70,846 ಮಂದಿಯನ್ನು ಪರೀಕ್ಷಿಸಿದಾಗ ಸೋಂಕು ಕಂಡದ್ದು 8 ಮಂದಿಯಲ್ಲಿ. ಸುಮಾರು 25 ಲಕ್ಷ ಡಾಲರ್ ಖರ್ಚಾಯಿತು. ಆ ರಾಜ್ಯದಲ್ಲಿ ಮದುವೆಯ ಪರವಾನಗಿಗಳು ಶೇಕಡ 22.5ರಷ್ಟು ಇಳಿದವು; ಜೋಡಿಗಳು ಪಕ್ಕದ ರಾಜ್ಯಕ್ಕೆ ಹೋಗಿ ಮದುವೆಯಾದರು. ಮರುವರ್ಷವೇ ಆ ಕಾನೂನನ್ನು ಕೈಬಿಡಲಾಯಿತು. ನಮ್ಮ ನೆರೆಯ ಗೋವಾದಲ್ಲಿಯೂ 2006ರಲ್ಲಿ ಇಂಥದೇ ಪ್ರಸ್ತಾಪ ಬಂದು ದೊಡ್ಡ ಚರ್ಚೆಯಾಯಿತು. ಜಾತಕದ ಜೊತೆ ರಕ್ತದ ವರದಿಯನ್ನೂ ಇಟ್ಟು ನೋಡೋಣ ಎಂಬ ಮಾತು ಕೇಳಲು ವಿವೇಕದ ಮಾತಿನಂತಿದೆ. ಆದರೆ ಸೋಂಕು ಅತಿ ವಿರಳವಾದಲ್ಲಿ ಒಂಟಿ ಪರೀಕ್ಷೆಯನ್ನು ಎಲ್ಲರ ಮೇಲೆ ಹೇರಿದರೆ ನಿಜವಾದ ಗೆರೆಗಿಂತ ಸುಳ್ಳು ಗೆರೆಗಳೇ ಹೆಚ್ಚಾಗಬಹುದು.

ಕಾಂಗೋ ದೇಶದ ಬುಕಾವು ನಗರದ ಅನುಭವ ಇನ್ನೂ ಗಂಭೀರವಾದದ್ದು. ಎರಡು ಕ್ಷಿಪ್ರ ಪರೀಕ್ಷೆಗಳಲ್ಲಿ ‘ಇದೆ’ ಎಂದು ಬಂದವರ ರಕ್ತವನ್ನು ಮತ್ತೊಂದು ಖಚಿತ ವಿಧಾನದಿಂದ ನೋಡಿದಾಗ, ಹತ್ತರಲ್ಲಿ ಸುಮಾರು ಒಬ್ಬರಿಗೆ ಸೋಂಕೇ ಇರಲಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸತತ ಮೂರು ಪರೀಕ್ಷೆಗಳಲ್ಲಿ ‘ಇದೆ’ ಎಂದು ಬಂದರೆ ಮಾತ್ರ ಸೋಂಕು ಖಚಿತವೆಂಬ ಕ್ರಮವನ್ನು ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ರೋಗಲಕ್ಷಣಗಳಿಲ್ಲದವರಿಗೆ ಮೂರು ಪರೀಕ್ಷೆಗಳ ಕ್ರಮ ಭಾರತದಲ್ಲಿ ಅದಕ್ಕೆ ಬಹು ಹಿಂದೆಯೇ ಜಾರಿಯಲ್ಲಿತ್ತೆಂಬುದು ಸಮಾಧಾನದ ಸಂಗತಿ.

ನಮ್ಮಲ್ಲಿ ನಡೆಯುವ ಕ್ರಮ

ಸರ್ಕಾರಿ ಆಸ್ಪತ್ರೆಗಳಲ್ಲಿ ‘ಐಸಿಟಿಸಿ’ ಎಂಬ ಫಲಕವಿರುವ ಕೊಠಡಿಯನ್ನು ನೀವು ನೋಡಿರಬಹುದು. ಇದು ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಪರೀಕ್ಷೆಗೆ ಮೊದಲು ಆಪ್ತ ಸಮಾಲೋಚಕರು ಮಾತನಾಡುತ್ತಾರೆ, ಒಪ್ಪಿಗೆ ಕೇಳುತ್ತಾರೆ. ಮೊದಲ ಪರೀಕ್ಷೆಯಲ್ಲಿ ಗೆರೆ ಮೂಡದಿದ್ದರೆ ಫಲಿತಾಂಶ ‘ಇಲ್ಲ’. ಮೂಡಿದರೆ ಎರಡನೆಯ, ಮೂರನೆಯ ಪರೀಕ್ಷೆ. ಮೂರರಲ್ಲೂ ಬಂದರೆ ಮಾತ್ರ ‘ಇದೆ’ ಎಂದು ಬರೆದುಕೊಡುತ್ತಾರೆ. ಮೊದಲನೆಯದರಲ್ಲಿ ಬಂದು ಉಳಿದೆರಡರಲ್ಲೂ ಬಾರದಿದ್ದರೆ ‘ಇಲ್ಲ’. ಎರಡರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ‘ನಿರ್ಧರಿಸಲಾಗದು’ ಎಂದು ತಿಳಿಸಿ 14ರಿಂದ 28 ದಿನಗಳ ನಂತರ ಮತ್ತೆ ಕರೆಯುತ್ತಾರೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಬೆರಳು ಚುಚ್ಚಿ ಮಾಡುವ ಒಂದೇ ಪರೀಕ್ಷೆ ಕೇವಲ ಜಾಲಿಸುವ ಪರೀಕ್ಷೆ. ಅಲ್ಲಿ ಗೆರೆ ಬಂದವರನ್ನು ಖಚಿತಪಡಿಸಿಕೊಳ್ಳಲು ದೊಡ್ಡ ಕೇಂದ್ರಕ್ಕೆ ಕಳುಹಿಸುತ್ತಾರೆ. ಖಾಸಗಿ ಪ್ರಯೋಗಾಲಯದಲ್ಲಿ ಒಂದೇ ಪರೀಕ್ಷೆಯಿಂದ ‘ರಿಯಾಕ್ಟಿವ್’ ಎಂದು ಬಂದ ಚೀಟಿಯನ್ನೂ ಹೀಗೆಯೇ ತಿಳಿಯಬೇಕು. ಅದು ಮುಂದಿನ ಪರೀಕ್ಷೆಗೆ ಕರೆ. ಅಂತಿಮ ತೀರ್ಮಾನವೆಂದು ಯಾರೂ ಓದಬಾರದು.

‘ಇಲ್ಲ’ ಎಂಬ ಉತ್ತರಕ್ಕೂ ಒಂದು ಮಿತಿಯಿದೆ. ಸೋಂಕು ತಗಲಿದ ತಕ್ಷಣ ಪ್ರತಿಕಾಯಗಳು ಹುಟ್ಟುವುದಿಲ್ಲ, ವಾರಗಳು ಬೇಕು. ಇದನ್ನು ವಿಂಡೋ ಅವಧಿ ಎನ್ನುತ್ತಾರೆ. ಕೋವಿಡ್ ಪಟ್ಟಿ ವೈರಾಣುವಿನ ತುಣುಕನ್ನೇ ಹುಡುಕುತ್ತಿತ್ತು. ಎಚ್‌ಐವಿಯ ಸಾಮಾನ್ಯ ಕ್ಷಿಪ್ರ ಪರೀಕ್ಷೆ ಪ್ರತಿಕಾಯವನ್ನು ಹುಡುಕುತ್ತದೆ. ಆದ್ದರಿಂದ ಅನುಮಾನದ ಘಟನೆ ನಡೆದು 90 ದಿನ ಕಳೆದ ಮೇಲೆ ಬಂದ ‘ಇಲ್ಲ’ವನ್ನು ಖಚಿತವೆಂದು ಪರಿಗಣಿಸುತ್ತಾರೆ. ವೈರಾಣುವಿನ ಪ್ರೋಟೀನನ್ನೂ ಪ್ರತಿಕಾಯವನ್ನೂ ಒಟ್ಟಿಗೆ ಹುಡುಕುವ ಪ್ರಯೋಗಾಲಯದ ಪರೀಕ್ಷೆಗೆ ಈ ಅವಧಿ 45 ದಿನ.

ಹಸುಗೂಸುಗಳ ವಿಷಯ ಇದಕ್ಕೆ ತಿರುಗುಮುರುಗು. ಸೋಂಕಿರುವ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕ್ಕೂ ಬಂದಿರುತ್ತವೆ. ಸುಮಾರು 18 ತಿಂಗಳವರೆಗೆ ಉಳಿಯಬಹುದು. ಅಲ್ಲಿಯವರೆಗೆ ಆ ಮಗುವಿನ ಪಟ್ಟಿಯಲ್ಲಿ ಗೆರೆ ಮೂಡಿದರೆ ತಾಯಿಗೆ ಸೋಂಕಿದೆ ಎಂದಷ್ಟೇ ಅರ್ಥ, ಮಗುವಿಗೆ ಇಲ್ಲದಿರಬಹುದು. ಅಂಥ ಮಕ್ಕಳಿಗೆ ಆರು ವಾರದ ಸುಮಾರಿಗೆ ಒಣಗಿಸಿದ ರಕ್ತದ ಚುಕ್ಕೆಯಿಂದ ವೈರಾಣುವಿನ ವಂಶವಾಹಿಯನ್ನೇ ಹುಡುಕುವ ಪರೀಕ್ಷೆಯನ್ನು ಭಾರತದಲ್ಲಿ 2010ರಿಂದ ನಡೆಸಲಾಗುತ್ತಿದೆ.

ಒಪ್ಪಿಗೆ ಮತ್ತು ಗುಟ್ಟು

ಚೆನ್ನೈಯ ಆ ಆರು ಮಹಿಳೆಯರಿಗೆ ಸಿಗದಿದ್ದುದು ಇಂದು ಕಾನೂನಿನ ಹಕ್ಕು. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ, ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ; ಫಲಿತಾಂಶವನ್ನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ; ಉದ್ಯೋಗಕ್ಕೋ ಶಾಲೆಯ ಪ್ರವೇಶಕ್ಕೋ ಈ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಫಲಿತಾಂಶದ ವಿಶ್ವಾಸಾರ್ಹತೆಗೂ ಇದಕ್ಕೂ ನೇರ ಸಂಬಂಧವಿದೆ. ಗುಟ್ಟು ರಟ್ಟಾಗುತ್ತದೆಂದು ಹೆದರಿದವರು ಬೇರೆ ಹೆಸರು ಕೊಡುತ್ತಾರೆ, ಎರಡನೆಯ ಪರೀಕ್ಷೆಗೆ ಬರುವುದೇ ಇಲ್ಲ. ಆಗ ಮೂರು ಪರೀಕ್ಷೆಗಳ ಕ್ರಮ ಮೊದಲನೆಯದರಲ್ಲೇ ಕಡಿದುಬೀಳುತ್ತದೆ. ಸಣ್ಣ ಊರಿನಲ್ಲಿ ಪ್ರಯೋಗಾಲಯದವರೂ ಪರಿಚಿತರೇ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೂ ಪರಿಚಿತರೇ. ಬಾಯಿ ಬಿಗಿಹಿಡಿಯುವ ಹೊಣೆ ಅಂಥಲ್ಲಿ ಎಲ್ಲರದೂ ಆಗುತ್ತದೆ.

ವಿದ್ಯಾರ್ಥಿ ಮಿತ್ರರೇ, 1986ರಲ್ಲಿ ‘ಇದೆ’ ಎಂಬ ಉತ್ತರ ಬಂದವರಿಗೆ ಕೊಡಲು ಔಷಧವೇ ಇರಲಿಲ್ಲ. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಎಆರ್‌ಟಿ ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ ಆರಂಭಿಸುವ ನೀತಿ ಬಂದಿದೆ. ತಪ್ಪದೆ ಔಷಧ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಖಚಿತವಾದ ‘ಇದೆ’ ಇಂದು ಚಿಕಿತ್ಸೆಯ ಬಾಗಿಲು ತೆರೆಯುತ್ತದೆ. ನಿಮ್ಮ ಊರಿನಲ್ಲಿ ಯಾರಾದರೂ ಒಂದು ಗೆರೆಯ ಚೀಟಿ ಹಿಡಿದು ಕಂಗೆಟ್ಟು ನಿಂತಿದ್ದರೆ ಅವರಿಗೆ ಹೇಳಬೇಕಾದ್ದು ಇಷ್ಟೇ: ಮೂರೂ ಪರೀಕ್ಷೆ ಮುಗಿಯುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ, ಹತ್ತಿರದ ಐಸಿಟಿಸಿಗೆ ಹೋಗಿ, ಇಲ್ಲವೆ 1097 ಎಂಬ ಉಚಿತ ಸಹಾಯವಾಣಿಗೆ ಫೋನ್ ಮಾಡಿ. ಒಬ್ಬರೇ ಹೋಗಲು ಅಳುಕಿದರೆ ಜೊತೆಗೆ ಹೋಗಿ, ಕೊಠಡಿಯ ಹೊರಗೆ ಕುಳಿತಿರಿ.